ಸ್ನಾಯು ಬಲಕ್ಕೆ ಪೂರಕಗಳು ಮತ್ತು ಬೆನ್ನಿನ ಕೈಚಿಕಿತ್ಸೆ: ಯಾವುದು ಮೊದಲು, ಯಾವುದು ಅನಂತರ

ಕೈಹಿಡಿ ಇಲ್ಲದ, ಮೊಣಕಾಲೆತ್ತರದ ಒಂದು ಕುರ್ಚಿಯನ್ನು ಗೋಡೆಗೆ ತಾಗಿಸಿ ಇಡಿ. ಅದರ ಮೇಲೆ ಕುಳಿತು, ಎರಡೂ ಕೈಗಳನ್ನು ಎದೆಯ ಮೇಲೆ ಕಟ್ಟಿಕೊಂಡು, ಎಲ್ಲಿಯೂ ಆಸರೆ ಹಿಡಿಯದೆ 5 ಸಲ ಪೂರ್ತಿಯಾಗಿ ಎದ್ದು ನಿಂತು ಕುಳಿತುಕೊಳ್ಳಿ. ಮನೆಯವರೊಬ್ಬರು ಪಕ್ಕದಲ್ಲಿ ನಿಂತು ಮೊಬೈಲಿನಲ್ಲಿ ಸಮಯ ನೋಡಲಿ. 15 ಸೆಕೆಂಡಿಗಿಂತ ಹೆಚ್ಚು ಹೊತ್ತು ಹಿಡಿದರೆ, ಅಥವಾ ಕೈ ಊರದೆ ಏಳಲು ಆಗದಿದ್ದರೆ, ಸ್ನಾಯುಗಳ ಬಲ ಕುಗ್ಗಿದೆ ಎಂದು ತಿಳಿಯಬೇಕು. ವಯಸ್ಸಾದವರ ಸ್ನಾಯು ಕ್ಷಯವನ್ನು ಗುರುತಿಸಲು ಯುರೋಪಿನ ತಜ್ಞರ ತಂಡವೊಂದು 2019ರಲ್ಲಿ ಒಪ್ಪಿಕೊಂಡ ಅಳತೆಗಳಲ್ಲಿ ಇದೂ ಒಂದು. ಆ ದಿನದ ತಾರೀಖನ್ನೂ ಸೆಕೆಂಡುಗಳನ್ನೂ ಒಂದು ವಹಿಯಲ್ಲಿ ಬರೆದಿಡಿ. ಇಲ್ಲಿಂದ ಮುಂದೆ ಹೇಳುವುದೆಲ್ಲ ಫಲ ಕೊಟ್ಟಿತೋ ಇಲ್ಲವೋ ಎಂಬುದನ್ನು ಈ ಒಂದು ಸಾಲೇ ಹೇಳಬೇಕು.

ಕಲಬುರಗಿಯಲ್ಲಿ ಫಿಜಿಯೋಥೆರಪಿ ವೃತ್ತಿಯಲ್ಲಿರುವ ನನ್ನನ್ನು ಜನರು ಹೆಚ್ಚಾಗಿ ಕೇಳುವ ಪ್ರಶ್ನೆಗಳು ಎರಡು. ಶಕ್ತಿ ಬರಲು ಯಾವ ಪೌಡರ್ ಕುಡಿಯಬೇಕು ಎಂಬುದು ಒಂದು. ಟೊಂಕ ಹಿಡಿದಾಗ ಬೆನ್ನೆಲುಬು ‘ಕೂಡಿಸುವ’ ಕೈರೋಪ್ರಾಕ್ಟರ್ ಬಳಿಗೆ ಹೋಗಬಹುದೇ ಎಂಬುದು ಇನ್ನೊಂದು. ಎರಡಕ್ಕೂ ಉತ್ತರವಿದೆ, ಆದರೆ ಇವೆರಡೂ ಸರದಿಯಲ್ಲಿ ಹಿಂದೆ ನಿಲ್ಲಬೇಕಾದ ಸಂಗತಿಗಳು. ಸ್ನಾಯು ದಿನವೂ ಸ್ವಲ್ಪ ಸವೆಯುತ್ತದೆ, ದಿನವೂ ಸ್ವಲ್ಪ ಕಟ್ಟಿಕೊಳ್ಳುತ್ತದೆ. ಎತ್ತುವ, ಏರುವ, ತಳ್ಳುವ ಕೆಲಸ ಬಿದ್ದಾಗ ಕಟ್ಟುವ ಕೆಲಸ ಚುರುಕಾಗುತ್ತದೆ, ಅದಕ್ಕೆ ಬೇಕಾದ ಸಾಮಗ್ರಿ ಊಟದ ಪ್ರೋಟೀನಿನಿಂದ ಬರುತ್ತದೆ. 30 ವರ್ಷ ದಾಟಿದ ಮೇಲೆ ಪ್ರತಿ 10 ವರ್ಷಕ್ಕೆ ಶೇ. 3ರಿಂದ 8ರಷ್ಟು ಸ್ನಾಯು ಕರಗುತ್ತದೆ, 60ರ ನಂತರ ಇನ್ನೂ ಬೇಗ. ಪೂರಕಗಳು ಊಟದಲ್ಲಿ ಬಿದ್ದಿರುವ ಕೊರತೆಯನ್ನು ತುಂಬುತ್ತವೆ. ಬೆನ್ನಿನ ಕೈಚಿಕಿತ್ಸೆ ನೋವನ್ನು ಕೆಲಕಾಲ ತಗ್ಗಿಸುತ್ತದೆ. ದುಡಿಮೆ ಮತ್ತು ಊಟದ ಸ್ಥಾನದಲ್ಲಿ ಇವೆರಡನ್ನೂ ಕೂರಿಸಲು ಬರುವುದಿಲ್ಲ.

ತಟ್ಟೆಯ ಲೆಕ್ಕ

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಅಡಿಯಲ್ಲಿ ಹೈದರಾಬಾದಿನಲ್ಲಿರುವ ರಾಷ್ಟ್ರೀಯ ಪೋಷಣಾ ಸಂಸ್ಥೆ 2020ರಲ್ಲಿ ಕೊಟ್ಟ ಶಿಫಾರಸಿನಂತೆ ಆರೋಗ್ಯವಂತ ವಯಸ್ಕರಿಗೆ ದೇಹದ ತೂಕದ ಪ್ರತಿ ಕಿಲೋಗೆ ದಿನಕ್ಕೆ 0.83 ಗ್ರಾಂ ಪ್ರೋಟೀನ್ ಬೇಕು. 60 ಕಿಲೋ ತೂಕದವರಿಗೆ ಇದು ಸುಮಾರು 50 ಗ್ರಾಂ ಆಗುತ್ತದೆ. ಅರವತ್ತು ದಾಟಿದವರಿಗೆ ಪ್ರತಿ ಕಿಲೋಗೆ 1ರಿಂದ 1.2 ಗ್ರಾಂ ಇರಲಿ ಎಂದು ವೃದ್ಧಾಪ್ಯದ ಆಹಾರವನ್ನು ಕುರಿತು ಕೆಲಸ ಮಾಡುವ ತಜ್ಞರು ಹೇಳುತ್ತಾರೆ. ಅದೇ ತೂಕದ ಹಿರಿಯರಿಗೆ 60ರಿಂದ 72 ಗ್ರಾಂ. ವಯಸ್ಸಾದಂತೆ ಹಸಿವು ಕಡಿಮೆಯಾಗುತ್ತದೆ, ಬೇಡಿಕೆ ಮಾತ್ರ ಹೆಚ್ಚುತ್ತದೆ. ನಮ್ಮ ಮನೆಗಳಲ್ಲಿ ಹಿರಿಯರು ಸೊರಗುವುದಕ್ಕೆ ಇದು ದೊಡ್ಡ ಕಾರಣವೆಂದು ನನಗೆ ಅನಿಸುತ್ತದೆ.

ಈ ಲೆಕ್ಕವನ್ನು ನಮ್ಮ ಭಾಗದ ಊಟಕ್ಕೆ ಹಚ್ಚಿ ನೋಡೋಣ. ಒಂದು ಜೋಳದ ರೊಟ್ಟಿಗೆ 60 ಗ್ರಾಂ ಹಿಟ್ಟು ಹಿಡಿದರೆ ಅದರಲ್ಲಿ ಸುಮಾರು 6 ಗ್ರಾಂ ಪ್ರೋಟೀನ್ ಇರುತ್ತದೆ. ದಿನಕ್ಕೆ 4 ರೊಟ್ಟಿ ತಿಂದರೆ 24 ಗ್ರಾಂ. 40 ಗ್ರಾಂ ತೊಗರಿ ಬೇಳೆಯಿಂದ 9 ಗ್ರಾಂ, ಹಿಂಡಿಯಲ್ಲೋ ಪಲ್ಯದಲ್ಲೋ ಸೇರುವ 25 ಗ್ರಾಂ ಶೇಂಗಾದಿಂದ 6 ಗ್ರಾಂ, ಕಾಲು ಲೀಟರ್ ಹಾಲು ಅಥವಾ ಮೊಸರಿನಿಂದ 8 ಗ್ರಾಂ. ಒಟ್ಟು 47. ಒಂದು ಮೊಟ್ಟೆ ಅಥವಾ ಒಂದು ಹಿಡಿ ಪುಟಾಣಿ (ಹುರಿಗಡಲೆ) ಸೇರಿದರೆ 60 ಕಿಲೋ ತೂಕದ ವಯಸ್ಕರ 50 ಗ್ರಾಂ ಲೆಕ್ಕ ತುಂಬುತ್ತದೆ. ಜೋಳದ ಪ್ರೋಟೀನಿನಲ್ಲಿ ಲೈಸಿನ್ ಎಂಬ ಅಂಶ ಕಡಿಮೆ, ಬೇಯಿಸಿದ ಮೇಲೆ ಅದು ಜೀರ್ಣವಾಗುವುದೂ ತುಸು ಕಡಿಮೆ; ಬೇಳೆಕಾಳುಗಳಲ್ಲಿ ಲೈಸಿನ್ ಹೇರಳವಾಗಿದೆ. ಆದ್ದರಿಂದ ರೊಟ್ಟಿಯ ಜೊತೆಗೆ ಬೇಳೆ ಇರಲೇಬೇಕು. ‘ಜೋಳ ತಿಂದವ ತೋಳ’ ಎಂಬ ಮಾತು ಹುಟ್ಟಿದ್ದು ರೊಟ್ಟಿಯ ಪಕ್ಕದಲ್ಲಿ ಕಾಳು ಪಲ್ಯ, ಮೊಸರು, ಹಿಂಡಿ ಇದ್ದ ತಟ್ಟೆಯನ್ನು ನೋಡಿ ಎಂಬುದನ್ನು ಮರೆಯಬಾರದು.

ತಪ್ಪುವುದು ಎರಡು ಕಡೆ. ಭೌಗೋಳಿಕ ಸೂಚಕದ ಮನ್ನಣೆ ಪಡೆದ ತೊಗರಿ ಬೆಳೆಯುವ ಈ ಜಿಲ್ಲೆಯಲ್ಲಿಯೇ ಎಷ್ಟೋ ಮನೆಗಳಲ್ಲಿ ಅಜ್ಜ ಅಜ್ಜಿಯರ ತಟ್ಟೆಗೆ ಬೀಳುವುದು ಬೇಳೆಯ ಕಟ್ಟಿನ ತಿಳಿಸಾರು. ಪಾತ್ರೆಯ ತಳದ ಗಟ್ಟಿ ಬೇಳೆ ದುಡಿಯುವವರ ಪಾಲಾಗುತ್ತದೆ. ಕಟ್ಟಿನಲ್ಲಿ ರುಚಿ ಇದೆ, ಪ್ರೋಟೀನ್ ಬಹಳ ಕಡಿಮೆ. ಎರಡನೆಯದು, ದಿನದ ಪ್ರೋಟೀನೆಲ್ಲ ರಾತ್ರಿಯ ಒಂದು ಊಟಕ್ಕೆ ಸೇರಿಕೊಂಡು ಬೆಳಗಿನದು ಚಹಾ ಮತ್ತು ಚುರುಮುರಿಯಲ್ಲಿ ಮುಗಿದುಹೋಗುವುದು. ಹಿರಿಯರ ಸ್ನಾಯುಗಳಿಗೆ ಒಂದೊಂದು ಊಟದಲ್ಲಿ 20 ಗ್ರಾಂನಷ್ಟಾದರೂ ಪ್ರೋಟೀನ್ ಹಂಚಿಕೆಯಾಗಿ ಬಂದರೆ ಹೆಚ್ಚು ಉಪಯೋಗ. ಹಲ್ಲಿಲ್ಲದವರಿಗೆ ರೊಟ್ಟಿಯನ್ನು ಹಾಲಿನಲ್ಲೋ ಗಟ್ಟಿ ಬೇಳೆಯಲ್ಲೋ ನೆನೆಸಿ ಕಿವುಚಿ ಕೊಡಬಹುದು. ಝುಣಕ, ಪುಟಾಣಿ ಹಿಟ್ಟು ಕಲಸಿದ ಮಜ್ಜಿಗೆ, ಮೆತ್ತಗೆ ಬೇಯಿಸಿದ ಹೆಸರುಕಾಳು, ತಿನ್ನುವವರಿಗೆ ಮೊಟ್ಟೆ, ಇವೆಲ್ಲ ಅಗಿಯುವ ತ್ರಾಸವಿಲ್ಲದೆ ಹೊಟ್ಟೆ ಸೇರುತ್ತವೆ. ಮೂತ್ರಪಿಂಡದ ಕಾಯಿಲೆ ಇರುವವರು ಮಾತ್ರ ಈ ಯಾವ ಲೆಕ್ಕವನ್ನೂ ತಾವಾಗಿಯೇ ಹೆಚ್ಚಿಸಿಕೊಳ್ಳದೆ ತಮ್ಮ ವೈದ್ಯರು ಹೇಳಿದ ಪ್ರಮಾಣಕ್ಕೇ ನಿಲ್ಲಬೇಕು.

ಡಬ್ಬಿ ಕೊಳ್ಳುವ ಮೊದಲು ರಕ್ತ ಪರೀಕ್ಷೆ

ಮೈಕೈ ನೋವು, ಮೆಟ್ಟಿಲು ಹತ್ತುವಾಗ ತೊಡೆ ಸೋಲುವುದು, ನೆಲದಿಂದ ಏಳಲು ಕಷ್ಟವಾಗುವುದು, ಪಾದಗಳಲ್ಲಿ ಜೋಮು, ಇವುಗಳಲ್ಲಿ ಯಾವುದಿದ್ದರೂ ಪೌಡರಿಗೆ ಹಣ ಕೊಡುವ ಮೊದಲು ವೈದ್ಯರನ್ನು ಕಂಡು ವಿಟಮಿನ್ ಡಿ, ಬಿ12, ಹಿಮೋಗ್ಲೋಬಿನ್, ಥೈರಾಯ್ಡ್, ಸಕ್ಕರೆ ಮತ್ತು ಮೂತ್ರಪಿಂಡದ ಕೆಲಸ ಹೇಗಿದೆಯೆಂದು ತಿಳಿಸುವ ಕ್ರಿಯೇಟಿನಿನ್ ಮಟ್ಟಗಳನ್ನು ನೋಡಿಸಿಕೊಳ್ಳುವುದು ಒಳ್ಳೆಯದು. ಥೈರಾಯ್ಡ್ ಕಡಿಮೆಯಾದಾಗಲೂ ಸ್ನಾಯು ನೋಯುತ್ತದೆ. ಕೊಲೆಸ್ಟರಾಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆಯಿಂದ ಕೆಲವರಿಗೆ ಸ್ನಾಯು ನೋವು ಬರುತ್ತದೆ. ಹಾಗೆಂದು ಆ ಮಾತ್ರೆಯನ್ನು ತಾವೇ ನಿಲ್ಲಿಸಬಾರದು, ವೈದ್ಯರಿಗೆ ತಿಳಿಸಬೇಕು.

ಏಪ್ರಿಲ್, ಮೇ ತಿಂಗಳಲ್ಲಿ 42 ಡಿಗ್ರಿ ಮುಟ್ಟುವ ಊರಿನಲ್ಲಿ ವಿಟಮಿನ್ ಡಿ ಕೊರತೆ ಹೇಗೆ ಬಂದೀತು ಎಂದು ಜನ ಅಚ್ಚರಿಪಡುತ್ತಾರೆ. ಬಿಸಿಲು ಸುಡುವಷ್ಟಿರುವುದರಿಂದಲೇ ನಾವು ಅದರಿಂದ ತಪ್ಪಿಸಿಕೊಂಡು ಬದುಕುತ್ತೇವೆ: ಮನೆಯೊಳಗೆ, ಅಂಗಡಿಯೊಳಗೆ, ಮೈತುಂಬ ಬಟ್ಟೆಯೊಳಗೆ. ರಕ್ತದಲ್ಲಿ ಇದರ ಮಟ್ಟ ಪ್ರತಿ ಮಿಲಿಲೀಟರಿಗೆ 20 ನ್ಯಾನೋಗ್ರಾಂಗಿಂತ ಕೆಳಗಿದ್ದರೆ ಕೊರತೆ ಎನ್ನುತ್ತಾರೆ. ಆಗ ತೊಡೆ ಮತ್ತು ಭುಜದ ಸ್ನಾಯುಗಳು ದುರ್ಬಲವಾಗುತ್ತವೆ. ವೈದ್ಯರು ಸಾಮಾನ್ಯವಾಗಿ 60,000 ಐಯು ಪ್ರಮಾಣದ ಪೊಟ್ಟಣವನ್ನು ವಾರಕ್ಕೊಂದರಂತೆ ಕೆಲವು ವಾರ ಬರೆದುಕೊಡುತ್ತಾರೆ. ವಾರಕ್ಕೊಂದು ಎಂಬುದನ್ನು ದಿನಕ್ಕೊಂದು ಎಂದು ತಿಳಿದು ತೆಗೆದುಕೊಂಡವರನ್ನೂ, ಚೀಟಿಯ ಅವಧಿ ಮುಗಿದ ಮೇಲೂ ತಿಂಗಳುಗಟ್ಟಲೆ ಮುಂದುವರಿಸಿದವರನ್ನೂ ನಾನು ಕಂಡಿದ್ದೇನೆ. ವಿಟಮಿನ್ ಡಿ ಹೆಚ್ಚಾದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ವಾಕರಿಕೆ, ಮಲಬದ್ಧತೆ, ಅತಿಯಾದ ಬಾಯಾರಿಕೆ ಕಾಣಿಸಿಕೊಂಡು ಮೂತ್ರಪಿಂಡಕ್ಕೇ ಪೆಟ್ಟು ಬೀಳುತ್ತದೆ. ಪೊಟ್ಟಣದ ಮೇಲೆ ತೆಗೆದುಕೊಳ್ಳಬೇಕಾದ ವಾರವನ್ನು ಪೆನ್ನಿನಿಂದ ಬರೆದಿಟ್ಟುಕೊಳ್ಳುವುದು ಸುಲಭದ ಉಪಾಯ.

ಬಿ12 ಪ್ರಾಣಿಜನ್ಯ ಆಹಾರದಿಂದ ಬರುವಂಥದು. ಹಾಲು ಮೊಸರು ಕೂಡ ಕಡಿಮೆ ಸೇವಿಸುವ ಸಸ್ಯಾಹಾರಿಗಳಲ್ಲಿ, ಮತ್ತು ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ಮಾತ್ರೆಯನ್ನು ವರ್ಷಗಟ್ಟಲೆ ತೆಗೆದುಕೊಳ್ಳುವವರಲ್ಲಿ ಅದರ ಕೊರತೆ ಹೆಚ್ಚು. ಕಾಲಿನ ಜೋಮನ್ನು ‘ನರದ ದೋಷ’ವೆಂದು ಮಾಲೀಸು ಮಾಡಿಸುತ್ತ ಕುಳಿತರೆ ಸರಿಪಡಿಸಬಹುದಾದ ಕೊರತೆ ಶಾಶ್ವತ ಹಾನಿಯಾಗಿ ಬೆಳೆಯಬಹುದು.

ಇನ್ನು ಪ್ರೋಟೀನ್ ಪೌಡರ್. ವ್ಹೇ ಎಂಬುದು ಪನೀರು ಮಾಡುವಾಗ ಉಳಿಯುವ ತಿಳಿನೀರಿನಲ್ಲಿರುವ ಹಾಲಿನದೇ ಪ್ರೋಟೀನು. ಡಬ್ಬಿಯೊಳಗೇ ಬರುವ ದೊಡ್ಡ ಅಳತೆ ಚಮಚೆ (ಸ್ಕೂಪ್) ಒಂದರಲ್ಲಿ 20ರಿಂದ 25 ಗ್ರಾಂ ಪ್ರೋಟೀನ್ ಸಿಗುತ್ತದೆ. ಮೇಲಿನ ಲೆಕ್ಕ ಊಟದಿಂದಲೇ ತುಂಬುವವರಿಗೆ ಅದು ಬೇಕಿಲ್ಲ. ಶಸ್ತ್ರಚಿಕಿತ್ಸೆ ಆದವರು, ಉಣ್ಣಲು ಆಗದ ಹಿರಿಯರು, ಬೆಳಗ್ಗೆ ತಾಲೀಮು ಮುಗಿಸಿ ನೇರವಾಗಿ ಕೆಲಸಕ್ಕೆ ಓಡುವ ಹುಡುಗರು, ಇಂಥವರಿಗೆ ಅನುಕೂಲ. ತಾಲೀಮು ಮಾಡುವವರು ಬಲಕ್ಕಾಗಿ ಕುಡಿಯುವ ಇನ್ನೊಂದು ಪುಡಿ ಕ್ರಿಯೇಟಿನ್ ಮೋನೋಹೈಡ್ರೇಟ್; ಅದರ ಕುರಿತು ಬಹಳ ಅಧ್ಯಯನ ನಡೆದಿದೆ. ದಿನಕ್ಕೆ 3ರಿಂದ 5 ಗ್ರಾಂ ಸೇವಿಸಿ ಭಾರದ ವ್ಯಾಯಾಮ ಮಾಡುವವರಲ್ಲಿ ಬಲ ಹೆಚ್ಚುವುದು ನಿಜ, ವ್ಯಾಯಾಮ ಮಾಡದೆ ಬರೀ ಪುಡಿ ಕುಡಿಯುವವರಿಗೆ ಹೇಳಿಕೊಳ್ಳುವಂಥ ಲಾಭವಿಲ್ಲ. ಅದು ಸ್ನಾಯುವಿನಲ್ಲಿ ನೀರು ಹಿಡಿದಿಡುವುದರಿಂದ ತೂಕ ಒಂದೆರಡು ಕಿಲೋ ಏರಬಹುದು, ರಕ್ತದ ಕ್ರಿಯೇಟಿನಿನ್ ಅಂಕಿಯೂ ಸ್ವಲ್ಪ ಹೆಚ್ಚು ತೋರಬಹುದು. ಪರೀಕ್ಷೆಗೆ ಹೋದಾಗ ಇದನ್ನು ವೈದ್ಯರಿಗೆ ಹೇಳಿ. ಮೂತ್ರಪಿಂಡದ ತೊಂದರೆ ಇದ್ದವರು ಇದರ ಗೊಡವೆಗೆ ಹೋಗಬಾರದು. ಮೀನಖಂಡ ಹಿಡಿದುಕೊಳ್ಳುವುದಕ್ಕೆ ಮೆಗ್ನೀಸಿಯಂ ಮಾತ್ರೆ ನುಂಗುವ ರೂಢಿ ಹೆಚ್ಚಾಗಿದೆ, ಹಿರಿಯರ ಕಾಲುಸೆಳೆತಕ್ಕೆ ಅದು ನೆರವಾಗುತ್ತದೆಂಬ ಆಧಾರ ದುರ್ಬಲ. ಬೇಸಿಗೆಯಲ್ಲಿ ಹೊಲದಲ್ಲೋ ಫರಸಿ ಕಲ್ಲಿನ ಗಣಿಯಲ್ಲೋ ಬೆವರು ಸುರಿಸಿ ದುಡಿದು ಕಾಲು ಸೆಳೆಯುವವರಿಗೆ ಓಆರ್‌ಎಸ್ ಪೊಟ್ಟಣ ಸಾಕು. ಅದು ಸಿಗದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಸಮ ಅಳತೆಯ 6 ಸಣ್ಣ ಚಮಚ ಸಕ್ಕರೆ ಮತ್ತು ಅರ್ಧ ಸಣ್ಣ ಚಮಚ ಉಪ್ಪು.

ಯಾವ ಡಬ್ಬಿಯನ್ನೇ ಕೊಂಡರೂ ಅದರ ಮೇಲೆ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ ಗುರುತಿನೊಂದಿಗೆ 14 ಅಂಕಿಗಳ ಪರವಾನಗಿ ಸಂಖ್ಯೆ, ತಯಾರಕರ ಪೂರ್ಣ ವಿಳಾಸ, ಬ್ಯಾಚ್ ಸಂಖ್ಯೆ, ಅವಧಿ ಮುಗಿಯುವ ತಾರೀಖು ಇವೆಯೇ ನೋಡಿ. ಅಂಗಡಿಯಿಂದ ರಸೀದಿ ಪಡೆಯಿರಿ. ಚೀಟಿಯೇ ಇಲ್ಲದ ಪೊಟ್ಟಣದಲ್ಲಿ ‘ಒಂದು ತಿಂಗಳಲ್ಲಿ ಮೈ ತುಂಬುತ್ತದೆ’, ‘ಎರಡೇ ದಿನದಲ್ಲಿ ಕೀಲು ನೋವು ಮಾಯ’ ಎಂದು ಮಾರುವ ಪುಡಿಗಳನ್ನು ಮುಟ್ಟಲೇಬೇಡಿ. ಇಂಥ ಪುಡಿಗಳಲ್ಲಿ ಸ್ಟೀರಾಯ್ಡ್ ಬೆರೆಸಿರುವುದು ಪತ್ತೆಯಾಗಿದೆ. ಅದು ಮುಖ ಊದಿಸುತ್ತದೆ, ಸಕ್ಕರೆ ಏರಿಸುತ್ತದೆ, ಎಲುಬನ್ನು ಟೊಳ್ಳು ಮಾಡುತ್ತದೆ, ಮತ್ತು ಬಹುಕಾಲ ಸೇವಿಸಿದರೆ ತೊಡೆಯ ಸ್ನಾಯುವನ್ನೇ ಕರಗಿಸುತ್ತದೆ. ಹೊಸ ಪೂರಕಗಳನ್ನು ಒಮ್ಮೆಗೇ ಎರಡು ಮೂರು ಶುರು ಮಾಡಬೇಡಿ. ಒಂದನ್ನು ಆರಂಭಿಸಿ ಕೆಲವು ವಾರ ಕಾದರೆ ಒಳಿತಾಯಿತೋ ಕೆಡುಕಾಯಿತೋ ಯಾವುದರಿಂದ ಎಂಬುದು ತಿಳಿಯುತ್ತದೆ.

ಬೆನ್ನಿಗೆ ಕೈ ಹಚ್ಚಿಸುವ ಮೊದಲು

ಕೈರೋಪ್ರಾಕ್ಟಿಕ್ ಪದ್ಧತಿಯನ್ನು 1895ರಲ್ಲಿ ಅಮೆರಿಕದ ಅಯೋವಾ ಪ್ರಾಂತ್ಯದ ಡ್ಯಾವೆನ್‌ಪೋರ್ಟಿನಲ್ಲಿ ಡೇನಿಯಲ್ ಡೇವಿಡ್ ಪಾಮರ್ ಆರಂಭಿಸಿದರು. ಬೆನ್ನೆಲುಬಿನ ಕೀಲನ್ನು ಅದರ ಚಲನೆಯ ಕೊನೆಯವರೆಗೆ ಒಯ್ದು, ಚಿಕ್ಕದಾದ ವೇಗದ ಝಟಕಾ ಕೊಡುವುದು ಅದರ ಮುಖ್ಯ ಕ್ರಮ. ಆಗ ಕೇಳಿಸುವ ‘ಕಟಕ್’ ಸದ್ದನ್ನು ಎಲುಬು ತನ್ನ ಜಾಗಕ್ಕೆ ಕುಳಿತ ಸದ್ದೆಂದು ಜನ ನಂಬುತ್ತಾರೆ. ಅದು ಬೆರಳಿನ ನೆಟಿಕೆ ಮುರಿದಾಗ ಬರುವ ಸದ್ದಿನಂಥದೇ. ಕೀಲಿನೊಳಗಿನ ದ್ರವದಲ್ಲಿ ಒತ್ತಡ ಇಳಿದು ಅನಿಲದ ಗುಳ್ಳೆ ಉಂಟಾಗುವುದರಿಂದ ಕೇಳಿಸುತ್ತದೆ. ಸದ್ದು ಬಂದರೆ ಗುಣ, ಬಾರದಿದ್ದರೆ ಇಲ್ಲ ಎಂಬುದಕ್ಕೆ ಆಧಾರವಿಲ್ಲ.

ಟೊಂಕ ನೋವಿನಲ್ಲಿ ಈ ಚಿಕಿತ್ಸೆಯಿಂದ ಸ್ವಲ್ಪ ಮಟ್ಟಿಗಿನ ಉಪಶಮನ ಸಿಗುತ್ತದೆ ಎಂಬುದಕ್ಕೆ ಆಧಾರವಿದೆ. ಅಮೆರಿಕದ ವೈದ್ಯರ ಸಂಘಟನೆಯಾದ ಅಮೆರಿಕನ್ ಕಾಲೇಜ್ ಆಫ್ ಫಿಜಿಶಿಯನ್ಸ್ 2017ರಲ್ಲಿಯೂ, ವಿಶ್ವ ಆರೋಗ್ಯ ಸಂಸ್ಥೆ 2023ರ ತನ್ನ ದೀರ್ಘಕಾಲದ ಟೊಂಕ ನೋವಿನ ಮಾರ್ಗಸೂಚಿಯಲ್ಲಿಯೂ ಔಷಧವಿಲ್ಲದ ಇತರ ಕ್ರಮಗಳ ಸಾಲಿನಲ್ಲಿ ಇದನ್ನು ಹೆಸರಿಸಿವೆ. ಸ್ನಾಯುವಿನ ಗಾತ್ರವನ್ನೋ ಬಲವನ್ನೋ ಇದು ಬೆಳೆಸುತ್ತದೆಂಬುದು ಸಿದ್ಧವಾಗಿಲ್ಲ. ಇದರ ನಿಜವಾದ ಉಪಯೋಗವೆಂದರೆ ನೋವು ತಗ್ಗಿದ ಆ ಕೆಲವು ದಿನಗಳಲ್ಲಿ ನೀವು ನಡೆಯಲು, ಬಾಗಲು, ವ್ಯಾಯಾಮ ಶುರು ಮಾಡಲು ಸಾಧ್ಯವಾಗುವುದು. ಆ ದಿನಗಳನ್ನು ಮಲಗಿ ಕಳೆದರೆ ನೋವು ಮತ್ತೆ ಬಂದಾಗ ಮತ್ತೊಂದು ಝಟಕಾಕ್ಕೆ ಓಡಬೇಕಾಗುತ್ತದೆ.

ನಮ್ಮ ಭಾಗದವರು ವಿಶೇಷವಾಗಿ ಗಮನಿಸಬೇಕಾದ ಒಂದು ಸಂಗತಿಯನ್ನು ಇಲ್ಲಿ ಒತ್ತಿ ಹೇಳಬೇಕಾಗಿದೆ. ಯಾದಗಿರಿ, ಕಲಬುರಗಿ ಜಿಲ್ಲೆಗಳ ಹಲವು ಹಳ್ಳಿಗಳ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಅಂಶ ಮಿತಿಗಿಂತ ಹೆಚ್ಚಿದೆ. ಒಂದು ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದಿದ್ದಲ್ಲಿ 1.5ರವರೆಗೆ ಸಹಿಸಬಹುದು ಎಂಬುದು ಭಾರತೀಯ ಮಾನಕ. ಅದನ್ನು ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದವರ ಹಲ್ಲು ಕಂದುಗಟ್ಟುತ್ತದೆ, ಬೆನ್ನೆಲುಬು ಬಿಗಿಯುತ್ತದೆ, ಕೀಲುಗಳ ಸುತ್ತಲಿನ ತಂತುಗಳು ಗಟ್ಟಿಯಾಗುತ್ತವೆ; ಎಕ್ಸ್‌ರೇಯಲ್ಲಿ ದಟ್ಟವಾಗಿ ಕಾಣುವ ಆ ಎಲುಬು ಒಳಗೆ ಪೆಡಸಾಗಿರುತ್ತದೆ. ಇದು ಸ್ನಾಯುವಿನ ಬಿಗಿತದಂತೆಯೇ ತೋರುತ್ತದೆ. ಕೆಲವು ವರ್ಷಗಳ ಹಿಂದೆ ಅಂಥದೊಂದು ಹಳ್ಳಿಯಿಂದ ಬಂದ ಅರವತ್ತು ದಾಟಿದ ತಾಯಿಯೊಬ್ಬರ ಬೆನ್ನನ್ನು, ಅವರ ಹಲ್ಲನ್ನಾಗಲಿ ಕುಡಿಯುವ ನೀರನ್ನಾಗಲಿ ವಿಚಾರಿಸದೆ, ಯಾರೋ ಬಲವಾಗಿ ಒತ್ತಿದ್ದರು. ನನ್ನಲ್ಲಿಗೆ ಬರುವಾಗ ಅವರ ಬೆನ್ನುಮೂಳೆಯೊಂದು ಕುಸಿದಿತ್ತು. ಅವರು ಮತ್ತೆ ನೆಟ್ಟಗೆ ಕೂರಲು ತಿಂಗಳುಗಳೇ ಬೇಕಾದವು, ಆ ನೋವನ್ನು ಅವರು ಪಡಬೇಕಾಗಿಯೇ ಇರಲಿಲ್ಲ. ಹುಟ್ಟುವಾಗ ಕಾಲು ಮುಂದಾಗಿ ಹುಟ್ಟಿದವರಿಂದ ಟೊಂಕಕ್ಕೆ ಒದೆಸಿಕೊಳ್ಳುವ ರೂಢಿಯೂ ನಮ್ಮಲ್ಲಿದೆ. ಅದರ ಹಿಂದಿನ ನಂಬಿಕೆ ಏನೇ ಇರಲಿ, ಟೊಳ್ಳಾದ ಅಥವಾ ಪೆಡಸಾದ ಎಲುಬಿಗೆ ಅದು ಅಪಾಯ.

ಆದ್ದರಿಂದ ಯಾರ ಕೈಗೇ ಬೆನ್ನು ಒಡ್ಡುವ ಮೊದಲು ಎಲುಬು ಕೀಲು ವೈದ್ಯರಿಂದ ಒಮ್ಮೆ ಪರೀಕ್ಷೆ ಆಗಬೇಕು. ಕಲಬುರಗಿಯ ಜಿಮ್ಸ್, ಬೀದರಿನ ಬ್ರಿಮ್ಸ್, ಯಾದಗಿರಿಯ ಯಿಮ್ಸ್, ಈ ಮೂರೂ ಸರ್ಕಾರಿ ವೈದ್ಯಕೀಯ ಕಾಲೇಜುಗಳ ಆಸ್ಪತ್ರೆಗಳು ಇದಕ್ಕೆ ಹೋಗಬಹುದಾದ ಜಾಗಗಳು. ಮೂತ್ರ ಅಥವಾ ಮಲದ ಮೇಲೆ ಹಿಡಿತ ತಪ್ಪಿದರೆ, ತೊಡೆಸಂದಿಯ ಸುತ್ತ ಸ್ಪರ್ಶ ತಿಳಿಯದಂತಾದರೆ, ಕಾಲಿನ ಬಲ ಇಳಿಯುತ್ತಿದ್ದರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಬೆನ್ನು ನೋವಿನ ಜೊತೆ ಜ್ವರ, ತೂಕ ಇಳಿಯುವುದು, ರಾತ್ರಿ ಮಲಗಿದಾಗ ಹೆಚ್ಚುವ ನೋವು ಇದ್ದರೆ ಬೆನ್ನುಮೂಳೆಯ ಕ್ಷಯರೋಗವನ್ನೋ (ಟಿಬಿ) ಗಡ್ಡೆಯನ್ನೋ ಮೊದಲು ತಳ್ಳಿಹಾಕಬೇಕು. ಎಲುಬು ಟೊಳ್ಳಾದವರು, ಬಿದ್ದು ಪೆಟ್ಟಾದವರು, ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು, ಸಂಧಿವಾತವಿರುವವರು ಝಟಕಾ ಚಿಕಿತ್ಸೆಯಿಂದ ದೂರವಿರಬೇಕು. ಕುತ್ತಿಗೆಯ ಮಾತು ಬೇರೆಯೇ: ಅಲ್ಲಿ ಕೊಡುವ ಝಟಕಾದಿಂದ ಮೆದುಳಿಗೆ ಹೋಗುವ ರಕ್ತನಾಳದ ಗೋಡೆ ಸೀಳಿ ಪಾರ್ಶ್ವವಾಯು ಬಂದ ಪ್ರಕರಣಗಳು ಅಪರೂಪವಾದರೂ ದಾಖಲಾಗಿವೆ. ಕುತ್ತಿಗೆಗೆ ಝಟಕಾ ಬೇಡವೆಂದು ಮೊದಲೇ ಸ್ಪಷ್ಟವಾಗಿ ಹೇಳಿಬಿಡಿ ಎಂಬುದೇ ನನ್ನ ಸಲಹೆ.

ನಮ್ಮ ದೇಶದಲ್ಲಿ ವೈದ್ಯರಿಗೆ ಇರುವಂಥ ಶಾಸನಬದ್ಧ ಮಂಡಳಿ ಕೈರೋಪ್ರಾಕ್ಟಿಕ್‌ಗೆ ಇಲ್ಲ. ಹೀಗಾಗಿ ಕೆಲವು ದಿನಗಳ ತರಬೇತಿ ಪಡೆದವರೂ ಫಲಕ ಹಾಕಿಕೊಳ್ಳಬಹುದು. ಎಲ್ಲಿ ಕಲಿತಿರಿ, ಎಷ್ಟು ವರ್ಷ ಕಲಿತಿರಿ ಎಂದು ಕೇಳಲು ಸಂಕೋಚ ಬೇಡ. ಹಳೆಯ ಕಾಯಿಲೆ, ಮಾತ್ರೆಗಳನ್ನು ವಿಚಾರಿಸದೆ ನೇರವಾಗಿ ಮಂಚಕ್ಕೆ ಕರೆಯುವವರು, 20 ಅಥವಾ 30 ಸಲದ ಹಣವನ್ನು ಮುಂಗಡವಾಗಿ ಕೇಳುವವರು, ಸಕ್ಕರೆ ಕಾಯಿಲೆ, ರಕ್ತದೊತ್ತಡವೂ ಗುಣವಾಗುತ್ತದೆ ಎನ್ನುವವರು, ಇಂಥವರಲ್ಲಿ ನಿಲ್ಲಬೇಡಿ. ಚಿಕಿತ್ಸೆಯ ನಂತರ ಒಂದೆರಡು ದಿನ ಮೈ ನೋಯುವುದು ಸಹಜ. ನಾಲ್ಕರಿಂದ ಆರು ಸಲವಾದರೂ ವ್ಯತ್ಯಾಸ ಕಾಣದಿದ್ದರೆ ಮುಂದುವರಿಸುವುದರಲ್ಲಿ ಅರ್ಥವಿಲ್ಲ. ಟೊಂಕ ನೋವಿನ ಸಲುವಾಗಿ ಐದಾರು ತಾಸು ಬಸ್ಸಿನಲ್ಲಿ ಕುಳಿತು ಹೈದರಾಬಾದಿಗೆ ಹೋಗಿಬರುವವರು ಮೊದಲು ತಮ್ಮ ಊರಿನ ಫಿಜಿಯೋಥೆರಪಿಸ್ಟ್ ಒಬ್ಬರನ್ನು ಕಾಣುವುದು ಲೇಸು. ಆ ವೃತ್ತಿ ಆರೋಗ್ಯ ವೃತ್ತಿಗಳನ್ನು ನಿಯಂತ್ರಿಸುವ 2021ರ ಕೇಂದ್ರ ಕಾಯ್ದೆಯ ವ್ಯಾಪ್ತಿಯಲ್ಲಿದೆ, ಕೀಲಿನ ಕೈಚಿಕಿತ್ಸೆಯ ಹಲವು ಕ್ರಮಗಳನ್ನು ಅವರೂ ಕಲಿತಿರುತ್ತಾರೆ, ಜೊತೆಗೆ ವ್ಯಾಯಾಮವನ್ನೂ ಕಲಿಸುತ್ತಾರೆ. ಈ ಮಾತನ್ನು ನನ್ನ ವೃತ್ತಿಯ ಮೇಲಿನ ಮಮತೆಯಿಂದ ಹೇಳುತ್ತಿಲ್ಲ, ಹೊಸ ಟೊಂಕ ನೋವುಗಳಲ್ಲಿ ಹೆಚ್ಚಿನವು ಕೆಲವೇ ವಾರಗಳಲ್ಲಿ ತಾವಾಗಿಯೇ ಇಳಿಯುತ್ತವೆ.

ವಾರಕ್ಕೆ ಮೂರು ದಿನ, ಬಿಸಿಲೇರುವ ಮೊದಲು

ಮೊದಲು ಹೇಳಿದ ಕುರ್ಚಿಯೇ ಸಾಕು. ಎದ್ದು ಕೂರುವುದನ್ನು 8ರಿಂದ 10 ಸಲ ಮಾಡಿ, ಎರಡು ನಿಮಿಷ ಸುಧಾರಿಸಿಕೊಂಡು ಇನ್ನೆರಡು ಸುತ್ತು ಮಾಡಿ. ಗೋಡೆಗೆ ಕೈಯೂರಿ ತಳ್ಳುವುದು, ಗೋಡೆ ಹಿಡಿದು ಹಿಮ್ಮಡಿ ಎತ್ತುವುದು, ಅಂಗಾತ ಮಲಗಿ ಮೊಣಕಾಲು ಮಡಚಿ ಟೊಂಕ ಮೇಲೆತ್ತುವುದು, ಇವನ್ನೂ ಅಷ್ಟೇ ಸಲ. ಸುಲಭವೆನಿಸಿದ ದಿನ ಎರಡು ಕಿಲೋ ಬೇಳೆಯ ಚೀಲವನ್ನು ಎದೆಗವಚಿಕೊಂಡು ಎದ್ದು ಕೂರಿ, ಮುಂದೆ ಅದನ್ನು ಐದು ಕಿಲೋಗೆ ಏರಿಸಿ. ತಾಲೀಮಿನ ಮನೆಯಲ್ಲಿ ಬೈಠಕ್ ಹೊಡೆದು ಬೆಳೆದವರಿಗೆ ಇದು ಹೊಸದಲ್ಲ. ದಾಲ್ ಮಿಲ್ಲಿನ ಹಮಾಲರು, ದಿನವಿಡೀ ಬಗ್ಗಿ ಹತ್ತಿ ಬಿಡಿಸುವ ಹೆಣ್ಣುಮಕ್ಕಳು ಈಗಾಗಲೇ ದುಡಿಯುತ್ತಿದ್ದೇವಲ್ಲ ಎನ್ನುತ್ತಾರೆ. ಅವರ ದುಡಿಮೆ ಕೆಲವೇ ಸ್ನಾಯುಗಳನ್ನು ದಣಿಸುತ್ತದೆ, ಉಳಿದವು ಹಿಂದೆ ಬೀಳುತ್ತವೆ. ಅವರಿಗೆ ಟೊಂಕ ಎತ್ತುವುದು ಮತ್ತು ಚೀಲವನ್ನು ಮೈಗೆ ಹತ್ತಿರ ಹಿಡಿದು ಮೊಣಕಾಲಿನಿಂದ ಏಳುವ ಅಭ್ಯಾಸ ಹೆಚ್ಚು ಬೇಕು.

ವ್ಯಾಯಾಮದ ಮರುದಿನ ಸ್ನಾಯು ನೋಯುವುದು ಸಹಜ, ಕೀಲು ಊದುವುದು ಅಲ್ಲ. ಎದೆ ನೋವು, ತಲೆ ಸುತ್ತು ಬಂದರೆ ನಿಲ್ಲಿಸಿ ವೈದ್ಯರನ್ನು ಕಾಣಬೇಕು. 12 ವಾರಗಳಾದ ಮೇಲೆ ಅದೇ ಕುರ್ಚಿಯನ್ನು ಅದೇ ಗೋಡೆಗೆ ತಾಗಿಸಿ ಮತ್ತೆ 5 ಸಲ ಎದ್ದು ಕೂತು ಸೆಕೆಂಡುಗಳನ್ನು ಬರೆಯಿರಿ. ಅಂಕಿ ಇಳಿದಿದ್ದರೆ ಮಾಡುತ್ತಿರುವುದನ್ನೇ ಮುಂದುವರಿಸಿ. ಇಳಿಯದಿದ್ದರೆ ಡಬ್ಬಿ ಬದಲಿಸುವುದಕ್ಕೂ ಹೊಸ ಕೈಚಿಕಿತ್ಸಕರನ್ನು ಹುಡುಕುವುದಕ್ಕೂ ಮೊದಲು, ಏನು ಉಂಡಿರಿ, ಯಾವ ಮಾತ್ರೆ ತೆಗೆದುಕೊಂಡಿರಿ, ಎಷ್ಟು ದಿನ ವ್ಯಾಯಾಮ ತಪ್ಪಿತು ಎಂಬುದನ್ನೂ ಆ ವಹಿಯಲ್ಲಿ ಬರೆದು, ಅದನ್ನು ಹಿಡಿದುಕೊಂಡು ವೈದ್ಯರ ಬಳಿಗೆ ಹೋಗಿ.